ಹೇಳಿ ಹಾಕಿದ ಹನಿ

ನರ್ಸಿಂಗ್ ಮುಗಿಸಿದ ಮೇಲೆ ನಾನು ಹತ್ತಿ ಇಳಿದ ಆಸ್ಪತ್ರೆಯ ಮೆಟ್ಟಿಲುಗಳಿಗೆ ಬಾಯಿದ್ದಿದ್ದರೆ ಅವೂ ಅದನ್ನೇ ಕೇಳುತ್ತಿದ್ದವೇನೋ: ಅನುಭವ ಎಷ್ಟು?

ದೊಡ್ಡ ಆಸ್ಪತ್ರೆಯವರು ಎರಡು ವರ್ಷ ಕೇಳಿದರು. ಸಣ್ಣವರು ಒಂದು ವರ್ಷ ಕೇಳಿದರು. ಬಾಗಿಲ ಮೇಲೆ ಬೋರ್ಡೂ ಇಲ್ಲದ ಒಂದು ಹೆರಿಗೆ ಆಸ್ಪತ್ರೆಯ ಮ್ಯಾನೇಜರು, “ಆರು ತಿಂಗಳಾದ್ರೂ ಇರಬೇಕಮ್ಮ, ನಮ್ಮದೂ ಒಂದು ಹೆಸರಿದೆ” ಅಂದರು. ಅನುಭವ ಎಲ್ಲಿಂದ ತರಲಿ ಎಂದು ಕೇಳಿದ್ದಕ್ಕೆ, “ಎಲ್ಲಾದ್ರೂ ಕೆಲಸ ಮಾಡಿ ಬನ್ನಿ” ಅಂದರು. ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ನಾನು ಚಪ್ಪಲಿ ಬಿಡುವ ಸದ್ದಿನಲ್ಲೇ ಅವಳಿಗೆ ಉತ್ತರ ಗೊತ್ತಾಗುತ್ತಿತ್ತು.

“ಏನಂದ್ರು?”

“ಅನುಭವ ಇಲ್ದೆ ಕೆಲಸ ಇಲ್ಲ ಅಂದ್ರು.”

“ಕೆಲಸ ಇಲ್ದೆ ಅನುಭವ ಇಲ್ಲ. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅಂದಂಗೆ ಆಯ್ತು ನಿನ್ನ ಕಥೆ,” ಎಂದು ಅಮ್ಮ ಬಾಯಿಯಲ್ಲಿದ್ದ ಗುಂಡುಪಿನ್ನು ತೆಗೆಯದೆಯೇ ಹೇಳಿದಳು. “ಊಟ ಮಾಡು. ಹೊಟ್ಟೆಗೆ ಅನುಭವ ಇದೆ.”

ಕೆಲಸವಿಲ್ಲದಿದ್ದರೂ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಬೀದಿಯವರೆಲ್ಲ ನನ್ನನ್ನು ಪುಕ್ಕಟೆ ನರ್ಸ್ ಮಾಡಿಕೊಂಡಿದ್ದರು. ಎದುರುಮನೆ ಅಜ್ಜಿಗೆ ದಿನಾ ಬಿ.ಪಿ. ನೋಡಬೇಕು. ಮೇಲಿನ ಮನೆಯ ಹುಡುಗನ ಮೊಣಕಾಲಿಗೆ ಪಟ್ಟಿ ಬದಲಿಸಬೇಕು. ಹಾಲಿನ ಅಂಗಡಿಯಾತ ನಾಲಿಗೆ ಹೊರಗೆ ಚಾಚಿ ರಸ್ತೆಯಲ್ಲೇ ನನ್ನನ್ನು ನಿಲ್ಲಿಸುತ್ತಿದ್ದ. ಇವರಲ್ಲಿ ಯಾರೂ ನನ್ನ ಅನುಭವ ಕೇಳಲಿಲ್ಲ. ಇವರಲ್ಲಿ ಯಾರೂ ಅದನ್ನು ಬರೆದುಕೊಡುವವರೂ ಅಲ್ಲ.

ಹೀಗಿರುವಾಗ ಅತ್ತೆ ಬಂದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಟೈಲ್ಸ್ ಅಂಗಡಿ ಇಟ್ಟವಳು. ಊರಿನ ಅರ್ಧ ಬಚ್ಚಲುಗಳಲ್ಲಿ ಜನ ನಿಂತಿರುವುದೇ ಅವಳ ಕಲ್ಲಿನ ಮೇಲೆ. ಬಂದವಳೇ ಕುರ್ಚಿ ಎಳೆದುಕೊಂಡು ತೀರ್ಪು ಕೊಟ್ಟಳು:

“ಸಾಕು ಓಡಾಡಿದ್ದು. ಸೋಮವಾರದಿಂದ ಅಂಗಡೀಲಿ ಕೂತ್ಕೋ. ನನ್ನ ಕೌಂಟರ್ ಹುಡುಗಿ ಮದುವೆಯಾಗಿ ಹೋದ್ಲು.”

“ನಾನು ನರ್ಸ್, ಅತ್ತೆ.”

“ಯಾರು ಬೇಡ ಅಂದ್ರು? ಬಿಳಿ ಕೋಟು ಹಾಕ್ಕೊಂಡೇ ಕೂತ್ಕೋ. ನೋಡೋಕೂ ಚೆನ್ನಾಗಿರುತ್ತೆ, ಗಿರಾಕಿಗಳು ಜಾರಿ ಬಿದ್ದರೆ ಎತ್ತೋಕೂ ಒಬ್ಬರಿರ್ತಾರೆ.”

ಅಮ್ಮ ನಕ್ಕಳು. ನಾನು ನಗಲಿಲ್ಲ. ನನ್ನ ಕ್ಲಾಸಿನವಳೊಬ್ಬಳು ಹೀಗೆಯೇ ‘ಸದ್ಯಕ್ಕೆ’ ಎಂದು ಮೊಬೈಲ್ ಅಂಗಡಿಗೆ ಸೇರಿದ್ದಳು. ಒಂದು ವರ್ಷ ಬಿಟ್ಟು ಆಸ್ಪತ್ರೆಗೆ ಹೋದರೆ, ಅನುಭವವೂ ಇಲ್ಲ, ಓದಿದ್ದೂ ಮರೆತಿದೆ ಎಂದು ಎರಡೆರಡು ಕಾರಣ ಕೊಟ್ಟು ಕಳಿಸಿದರಂತೆ. ಈಗ ಅವಳು ಕಣ್ಣುಮುಚ್ಚಿ ಯಾವ ಫೋನಿನ ಬೆನ್ನನ್ನಾದರೂ ಬಿಚ್ಚುತ್ತಾಳೆ. ಸೂಜಿ ಹಿಡಿದರೆ ಕೈ ನಡುಗುತ್ತದೆ. ಸೋಮವಾರ ಆ ಕೌಂಟರಿನಲ್ಲಿ ಕೂತರೆ ನಾನು ಮತ್ತೆ ಏಳುವುದಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು. ಅತ್ತೆ ಕೆಟ್ಟವಳಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಜಗಳವಾಡಬಹುದಿತ್ತು.

ಟೀ ಕುಡಿಯುತ್ತಾ ಅತ್ತೆಯೇ ಇನ್ನೊಂದು ಮಾತು ಹೇಳಿದಳು. “ಇವತ್ತು ಆ ಕಣ್ಣಾಸ್ಪತ್ರೆಗೆ ಟೈಲ್ಸ್ ತೋರಿಸೋಕೆ ಹೋಗಿದ್ದೆ ನೋಡು. ಅಲ್ಲಿ ಸಿಸ್ಟರುಗಳಿಗೇ ಕೆಂಗಣ್ಣು ಬೇನೆಯಂತೆ! ಇಬ್ಬರು ಮನೇಲಿ ಮಲಗಿದಾರೆ. ವೈದ್ಯನ ಮನೇಲೇ ರೋಗ. ಆ ದೊಡ್ಡ ಸಿಸ್ಟರ್ ಒಬ್ಬಳೇ ಬುಸುಗುಡ್ತಾ ಓಡಾಡ್ತಿದ್ಲು.”

ನಾವು ನಗಲೆಂದು ಅತ್ತೆ ಹೇಳಿದ ಮಾತು. ನಾನು ಮರುದಿನ ಬೆಳಿಗ್ಗೆ ಎದ್ದು ಸೀದಾ ಅಲ್ಲಿಗೆ ಹೋದೆ.

ದೊಡ್ಡ ಸಿಸ್ಟರ್ ನಿಜಕ್ಕೂ ದೊಡ್ಡವರೇ. ಬಾಗಿಲಲ್ಲಿ ನಿಂತರೆ ಹಿಂದಿನ ಬೆಳಕು ನಿಂತುಹೋಗುತ್ತಿತ್ತು. ನನ್ನ ಸರ್ಟಿಫಿಕೇಟುಗಳನ್ನು ನೋಡದೆ ನನ್ನ ಉಗುರುಗಳನ್ನು ನೋಡಿದರು.

“ಅನುಭವ?”

“ಇಲ್ಲ, ಸಿಸ್ಟರ್.”

“ಮತ್ತೆ ಯಾಕೆ ಬಂದೆ?”

“ನಿಮ್ಮಲ್ಲಿ ಇಬ್ಬರಿಗೆ ಕಣ್ಣು ಬೇನೆ ಅಂತ ಕೇಳಿದೆ.”

“ಕಷ್ಟಸುಖ ವಿಚಾರಿಸೋಕೆ ಬಂದ್ಯಾ, ಕೆಲಸ ಕೇಳೋಕೆ ಬಂದ್ಯಾ?”

“ಕೆಲಸ ಕೊಟ್ರೆ ಕಷ್ಟಸುಖಾನೂ ವಿಚಾರಿಸ್ತೀನಿ.”

ಅವರಿಗೆ ನಗು ಬರಲಿಲ್ಲ. ಆದರೆ ಒಳಗಿನಿಂದ ಯಾರೋ “ಸಿಸ್ಟರ್, ಹನ್ನೊಂದು ಜನ ಕೂತಿದಾರೆ” ಎಂದು ಕೂಗಿದರು. ಅವರು ನನ್ನನ್ನು ಮೇಲಿಂದ ಕೆಳಗೆ ಇನ್ನೊಂದು ಸಲ ನೋಡಿದರು. “ಹೊಸಬರನ್ನ ನಾನು ತಗೊಳ್ಳಲ್ಲ. ಇದು ಶಿಶುವಿಹಾರ ಅಲ್ಲ. ಇವತ್ತು ಮಧ್ಯಾಹ್ನದವರೆಗೆ ನಿಲ್ಲು. ಕೈ ನೋಡ್ತೀನಿ. ಶೂ ಅಲ್ಲಿ ಬಿಡು, ಒಳಗಿನ ಚಪ್ಪಲಿ ಹಾಕ್ಕೋ.”

ಒಳಗೆ ಉದ್ದನೆಯ ಕೋಣೆ. ಗೋಡೆಗೆ ಒರಗಿಸಿಟ್ಟ ಸಾಲು ಕುರ್ಚಿಗಳು. ಕುರ್ಚಿಗಳಲ್ಲಿ ಹಸಿರು ಅಂಗಿ, ಹಸಿರು ಟೋಪಿಯ ಮುದುಕರು, ಮುದುಕಿಯರು. ಎಲ್ಲರದ್ದೂ ಪೊರೆ ತೆಗೆಯುವ ಆಪರೇಷನ್ನು. ಅದಕ್ಕೆ ಮೊದಲು ಪಾಪೆ ಅಗಲವಾಗಲೆಂದು ಆ ಕಣ್ಣಿಗೆ ಹನಿ ಬಿಡಬೇಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಯಾವ ಕಣ್ಣು ಎಂದು ತಿಳಿಯಲು ಆ ಹುಬ್ಬಿನ ಮೇಲೆ ಒಂದು ಬಿಳಿ ಅಂಟುಪಟ್ಟಿ. ಕೆಲಸ ಇಷ್ಟೇ. ತಪ್ಪಲು ಜಾಗವೇ ಇಲ್ಲ ಎನ್ನಿಸುವ ಕೆಲಸ.

ಹನಿ ಬಿಡುತ್ತಿದ್ದ ಸಿಸ್ಟರಿಗೆ ಅಲ್ಲಿ ಎಲ್ಲರೂ ಮೌನಿ ಎನ್ನುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ರೆಪ್ಪೆ ಎಳೆದು, ಹನಿ ಬಿಟ್ಟು, ಹತ್ತಿ ಒತ್ತಿ, ಮುಂದಕ್ಕೆ. ಯಂತ್ರವಿದ್ದಂತೆ. ನಾನು ಟ್ರೇ ಹಿಡಿದು ಹಿಂದೆ ನಡೆದೆ. ಮೂರನೆಯವರಾದ ಮೇಲೆ ದೊಡ್ಡ ಸಿಸ್ಟರ್ ಕೋಣೆಯ ಆ ತುದಿಯಿಂದಲೇ ಹೇಳಿದರು: “ಮುಂದಿನವರಿಗೆ ನೀನು ಹಾಕು.”

ಇಲ್ಲಿ ನಮ್ಮ ಕಾಲೇಜಿನ ಎರಡು ಸಂಗತಿ ಹೇಳಲೇಬೇಕು.

ಒಂದು, ನಮ್ಮ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಹೊತ್ತಿಗೆ ನಾಲ್ಕು ಹುಡುಗಿಯರನ್ನು ನೋಡಬೇಕು. ಅವರು ನೋಡುತ್ತಿರಲಿಲ್ಲ, ಕಿವಿಗೆ ಬಿದ್ದದ್ದಕ್ಕೆ ಅಂಕ ಹಾಕುತ್ತಿದ್ದರು. ಹಾಗಾಗಿ ನಮ್ಮ ಮೇಡಂ ನಾಲ್ಕು ವರ್ಷ ನಮ್ಮ ತಲೆಗೆ ಬಡಿದದ್ದು ಒಂದೇ ಪಾಠ: ಮಾಡಿದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ‘ಈಗ ಕೈ ತೊಳೆಯುತ್ತಿದ್ದೇನೆ. ಈಗ ರೋಗಿಗೆ ಧೈರ್ಯ ಹೇಳುತ್ತಿದ್ದೇನೆ.’ ಗಟ್ಟಿಯಾಗಿ, ಕೊನೆಯ ಬೆಂಚಿಗೆ ಕೇಳುವ ಹಾಗೆ. ನಮ್ಮ ಬ್ಯಾಚಿನವರು ಈಗಲೂ ಮದುವೆ ಮನೆಯಲ್ಲಿ ಕೈ ತೊಳೆಯುವಾಗ ತುಟಿ ಅಲ್ಲಾಡಿಸುತ್ತಾರೆ.

ಎರಡು, ನಮ್ಮ ಬೊಂಬೆ. ಅಭ್ಯಾಸಕ್ಕೆ ಇದ್ದದ್ದು ಒಂದೇ ರಬ್ಬರ್ ಬೊಂಬೆ. ಅದರ ಮಂಚದ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಪಾಟು. ನಿಲ್ಲಲು ಜಾಗ ಇದ್ದದ್ದು ತಲೆಯ ಹಿಂದೆ ಮಾತ್ರ. ಕಣ್ಣು, ಕಿವಿ, ಮೂಗು ಎಲ್ಲವನ್ನೂ ನಾವು ಕಲಿತದ್ದು ತಲೆಯ ಹಿಂದೆ ನಿಂತೇ. ಅಲ್ಲಿ ನಿಂತರೆ ಬೊಂಬೆಯ ಎಡವೂ ನನ್ನ ಎಡವೂ ಒಂದೇ. ಆಸ್ಪತ್ರೆಗೆ ಕಳಿಸಿದಾಗಲೋ, ನಮ್ಮನ್ನು ಹಾಸಿಗೆ ಬಟ್ಟೆ ಬದಲಿಸಲು, ಜ್ವರ ನೋಡಲು ಬಿಟ್ಟರೇ ಹೊರತು ಯಾರ ಕಣ್ಣನ್ನೂ ಮುಟ್ಟಲು ಬಿಡಲಿಲ್ಲ.

ನನ್ನ ಮೊದಲ ನಿಜವಾದ ಕಣ್ಣು ಒಬ್ಬ ಡ್ರೈವಿಂಗ್ ಮೇಷ್ಟರದ್ದು. ಜೀವಮಾನವೆಲ್ಲ ಕಾರು ಕಲಿಸಿದವರು. ಕೂತ ಕುರ್ಚಿಯಲ್ಲೂ ಬಲಗಾಲು ಬ್ರೇಕ್ ಹುಡುಕುತ್ತಿತ್ತು. ಟೋಪಿ ದೊಡ್ಡದಾಗಿ ಹುಬ್ಬಿನ ಕೆಳಗೆ ಇಳಿದು ಅಂಟುಪಟ್ಟಿ ಮುಚ್ಚಿಹೋಗಿತ್ತು. ಟೋಪಿ ಎತ್ತಿ ನೋಡಬೇಕಿತ್ತು. ನೋಡಲಿಲ್ಲ. ಬಾಯಲ್ಲಿ ಕೇಳಿದೆ.

“ಯಾವ ಕಣ್ಣು, ಸಾರ್?”

“ಎಡ.”

ಕೇಸ್ ಶೀಟಿನಲ್ಲೂ ಎಡ. ನಾನು ಅವರ ಎದುರು ನಿಂತು, ಕೊನೆಯ ಬೆಂಚಿಗೆ ಕೇಳುವ ಹಾಗೆ ಶುರುಮಾಡಿದೆ: “ಈಗ ಕೈ ಶುಚಿ ಮಾಡ್ಕೋತಾ ಇದೀನಿ. ಈಗ ಔಷಧಿ ಹೆಸರು ಓದ್ತಾ ಇದೀನಿ. ಸಾರ್, ತಲೆ ಹಿಂದಕ್ಕೆ ಒರಗಿಸಿ. ಈಗ ನಿಮ್ಮ ಎಡಗಣ್ಣಿನ ಕೆಳರೆಪ್ಪೆ ಎಳೀತಾ ಇದೀನಿ. ಈಗ ಎಡಗಣ್ಣಿಗೆ ಹನಿ…”

“ಸ್ಟಾಪ್!” ಎಂದರು ಮೇಷ್ಟರು.

ನಲವತ್ತು ವರ್ಷ ಕಲಿಯುವವರ ಪಕ್ಕದಲ್ಲಿ ಕೂತು ಕೂಗಿದ ಗಂಟಲು. ನನ್ನ ಕೈ ನಿಂತಲ್ಲೇ ನಿಂತಿತು. ಹನಿ ಬಾಟಲಿಯ ತುದಿಯಲ್ಲಿ ನೇತಾಡುತ್ತಿತ್ತು.

“ಬಾಯಲ್ಲಿ ಎಡ ಅಂತೀರಿ, ಕೈಯಲ್ಲಿ ಬಲ ಎಳೀತೀರಿ. ಎತ್ತು ಏರಿಗೆ, ಕೋಣ ನೀರಿಗೆ. ಯಾವ್ದಮ್ಮ ನಿಮ್ಮ ದಾರಿ?”

ನೋಡಿದೆ. ನನ್ನ ಬೆರಳಿದ್ದದ್ದು ಅವರ ಬಲಗಣ್ಣಿನ ಕೆಳಗೆ. ಎದುರು ನಿಂತ ಮನುಷ್ಯನ ಎಡ ನನ್ನ ಬಲಕ್ಕೆ ಇರುತ್ತದೆ ಎಂಬುದು ಶಾಲೆಗೆ ಹೋಗದ ಮಗುವಿಗೂ ಗೊತ್ತು. ನನ್ನ ಕೈಗೆ ಗೊತ್ತಿರಲಿಲ್ಲ.

ಸದ್ದಿಲ್ಲದೆ ಕೈ ಆಚೆ ಸರಿಸಿ ಮುಗಿಸಿಬಿಡೋಣ ಎಂದರೆ ಸುದ್ದಿ ಆಗಲೇ ಇಡೀ ಕೋಣೆಗೆ ಪ್ರಸಾರವಾಗಿತ್ತು. ಸಾಲಿನಲ್ಲಿದ್ದ ಟೋಪಿಗಳೆಲ್ಲ ನನ್ನ ಕಡೆ ತಿರುಗಿದವು. ದೊಡ್ಡ ಸಿಸ್ಟರ್ ಬಂದು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಮೌನಿಗೆ ಕೊಟ್ಟರು.

“ಹೊರಗೆ ಕೂತಿರು. ಬೇಡ, ಕೂರೋದೂ ಬೇಡ. ಮನೆಗೆ ಹೋಗು.”

ಹೊರಗಿನ ಬೆಂಚಿನ ಮೇಲೆ ಕೂತು ಶೂ ಹಾಕಿಕೊಳ್ಳತೊಡಗಿದೆ. ಅಳು ಬರಲಿಲ್ಲ; ಟೈಲ್ಸ್ ಬಂತು. ಮಿನುಗುವುದು, ಮಿನುಗದ್ದು, ಜಾರುವುದು, ಜಾರದ್ದು. ಸೋಮವಾರದಿಂದ ಇದೇ. ಲೇಸ್ ಗಂಟಾಗಿತ್ತು. ಬಿಡಿಸುತ್ತಾ ಇರುವಾಗ ಒಳಗಿನ ಮಾತು ಕಿವಿಗೆ ಬಿತ್ತು.

“ಅಮ್ಮಾ, ಸ್ವಲ್ಪ ತಡಿ. ಯಾವ ಕಣ್ಣಿಗೆ ಹಾಕ್ತಿದೀಯ?” ಒಬ್ಬ ಅಜ್ಜಿಯ ದನಿ.

ಮೌನಿಯ ಉತ್ತರ ಕೇಳಿಸಲಿಲ್ಲ. ಇದ್ದರೆ ತಾನೆ?

“ಹೇಳಿ ಹಾಕು ತಾಯಿ. ಆ ಹುಡುಗಿ ಹೇಳ್ತಿದ್ಲಲ್ಲ, ಹಂಗೆ ಹೇಳು.”

“ನಂಗೂ ಹೇಳ್ಬೇಕು,” ಪಕ್ಕದ ಅಜ್ಜ. “ನಂದು ಬಲ. ಬಲ! ಬರ್ಕೊಂಡಿದೀರ ತಾನೆ?”

“ಬಾಟಲಿ ಹೆಸರೂ ಓದಿ ಸಿಸ್ಟರ್,” ಇದು ಮೇಷ್ಟರು. “ಇಂಡಿಕೇಟರ್ ಹಾಕದೆ ತಿರುಗಿಸೋದು ತಪ್ಪು.”

ನಗು, ಗಲಾಟೆ. ಇಷ್ಟು ವರ್ಷ ಮುಚ್ಚಿದ ಕಣ್ಣಲ್ಲಿ ತೆಪ್ಪಗೆ ಕೂತು ಹನಿ ಹಾಕಿಸಿಕೊಂಡು ಹೋಗುತ್ತಿದ್ದ ಕೋಣೆ ಅದು. ಈಗ ಹನ್ನೊಂದು ಜನಕ್ಕೂ ಏಕಕಾಲಕ್ಕೆ ಅನುಮಾನ ಹುಟ್ಟಿತ್ತು. ಮೌನಿ ಬಾಟಲಿ ಹಿಡಿದು ಅಲ್ಲಾಡದೆ ನಿಂತಿದ್ದುದು ಬಾಗಿಲ ಸಂದಿಯಿಂದ ಕಂಡಿತು. ಅಷ್ಟರಲ್ಲಿ ಥಿಯೇಟರಿನ ಒಳಗಿನಿಂದ ಡಾಕ್ಟರ ದನಿ: “ಮುಂದಿನವರು ಎಲ್ಲಿ? ಇವತ್ತೇನು ರಜೆಯಾ?”

ದೊಡ್ಡ ಸಿಸ್ಟರ್ ಹೊರಗೆ ಬಂದು ನನ್ನ ಮುಂದೆ ನಿಂತರು.

“ನೀನು ಹಚ್ಚಿದ ಬೆಂಕಿ. ಬಾ, ಆರಿಸು. ಕೈ ಬೆನ್ನ ಹಿಂದೆ ಕಟ್ಕೋ. ನಿನ್ನ ಬಾಯಿ ಮಾತ್ರ ಸಾಕು ನಂಗೆ.”

ಹೀಗೆ ನಾನು ಕೈ ಕಟ್ಟಿಕೊಂಡು ಕೆಲಸ ಮಾಡಿದೆ. ಮೌನಿ ಮಾಡುತ್ತಾ ಹೋದಳು, ನಾನು ಹೇಳುತ್ತಾ ಹೋದೆ. “ಅಜ್ಜಿ, ನಿಮ್ಮ ಬಲಗಣ್ಣು. ಚೀಟಿಲೂ ಬಲ, ಹುಬ್ಬಿನ ಮೇಲೂ ಬಲ. ಈಗ ರೆಪ್ಪೆ ಎಳೀತಾರೆ. ಈಗ ತಣ್ಣಗೆ ಒಂದು ಹನಿ. ಸ್ವಲ್ಪ ಉರಿಯುತ್ತೆ, ಒಂದು ಹಾಡು ಹೇಳಿಕೊಳ್ಳೋ ಹೊತ್ತು. ಈಗ ಮುಚ್ಚಿ, ಉಜ್ಜಬೇಡಿ.” ಅಜ್ಜಿ ಕುರ್ಚಿಯ ಕೈಯನ್ನು ಹಿಡಿದಿದ್ದ ಹಿಡಿತ ಬಿಟ್ಟಳು. “ಹೂಂ, ಈಗ ಸರಿ,” ಎಂದಳು, ತರಕಾರಿ ತೂಕ ಸರಿಯಾದಾಗ ಅನ್ನುವ ಹಾಗೆ. ಸಾಲು ಸರಾಗವಾಗಿ ಹರಿಯಿತು. ಒಬ್ಬೊಬ್ಬರ ಟೋಪಿಯನ್ನೂ ಎತ್ತಿ ನೋಡುವಂತೆ ನಾನು ಮೌನಿಗೆ ಹೇಳಿದೆ. ಆಕೆ ನನ್ನನ್ನು ದುರುಗುಟ್ಟಿ ನೋಡಿದಳು, ಆದರೆ ಎತ್ತಿದಳು.

ಎರಡನೇ ಸುತ್ತಿಗೆ ದೊಡ್ಡ ಸಿಸ್ಟರ್ ಒಂದು ಕುರ್ಚಿಯನ್ನು ಗೋಡೆಯಿಂದ ಮುಂದಕ್ಕೆ ಎಳೆದು, ಅದರ ಹಿಂದೆ ನನ್ನನ್ನು ನಿಲ್ಲಿಸಿದರು. ಬೊಂಬೆಯ ಕಥೆ ಅವರಿಗೆ ಅಷ್ಟರಲ್ಲಿ ಹೇಳಿಯಾಗಿತ್ತು. “ಇಲ್ಲಿಂದ ಹಾಕು. ನಾನು ನೋಡ್ತಿರ್ತೀನಿ.” ಹಾಕಿದೆ. ಹನಿ ಬೀಳಬೇಕಾದ ಕಡೆ ಬಿತ್ತು. ಅವರು ಮುಂದಿನ ಕುರ್ಚಿ ಎಳೆದರು.

ಎಲ್ಲ ಮುಗಿದ ಮೇಲೆ ಅವರು ನನ್ನನ್ನು ಸಣ್ಣ ಕೋಣೆಗೆ ಕರೆದರು. ಅಲ್ಲಿ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿ ಊಟಕ್ಕೆ ತೊಡಗಿದ್ದರು.

“ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಅದು ನೀನೇ. ಕಣ್ಣು ಬೇನೆ ವಾಸಿ ಆಗೋಕೆ ಒಂದು ವಾರ ಬೇಕು. ಅಲ್ಲಿವರೆಗೆ ಬಾ.”

ಖುಷಿಯಿಂದ ಹೂಂ ಎನ್ನಬೇಕಿತ್ತು. ಆದರೆ ಒಂದು ವಾರದ ಕೆಲಸ ಅತ್ತೆಯ ಅಂಗಡಿಯನ್ನು ಒಂದು ವಾರ ಮಾತ್ರ ಮುಂದಕ್ಕೆ ಹಾಕುತ್ತದೆ.

“ಒಂದು ವಾರಕ್ಕಾದ್ರೆ ಬೇಡ, ಸಿಸ್ಟರ್.”

ಅವರ ತುತ್ತು ಗಾಳಿಯಲ್ಲೇ ನಿಂತಿತು. “ಏನಂದೆ?”

“ಒಂದು ವಾರಾನ ಯಾರೂ ಅನುಭವ ಅನ್ನಲ್ಲ. ಆಮೇಲೆ ಇನ್ನೊಂದು ಆಸ್ಪತ್ರೆ ಬಾಗಿಲಲ್ಲಿ ಮತ್ತೆ ಇದೇ ಪ್ರಶ್ನೆ. ತಗೊಂಡ್ರೆ ಪೂರ್ತಿ ತಗೊಳ್ಳಿ. ಇಲ್ಲಾಂದ್ರೆ ಸೋಮವಾರದಿಂದ ನಾನು ನಮ್ಮತ್ತೆ ಅಂಗಡೀಲಿ ಟೈಲ್ಸ್ ಮಾರ್ತೀನಿ.”

“ಎಡ ಬಲ ಗೊತ್ತಿಲ್ಲ, ಚೌಕಾಸಿ ಮಾತ್ರ ಗೊತ್ತು,” ಎಂದರು. ತುತ್ತು ಬಾಯಿಗೆ ಹೋಯಿತು. ಅಗಿದರು. ನುಂಗಿದರು. ಅಷ್ಟು ನಿಧಾನವಾಗಿ ಊಟ ಮಾಡುವವರನ್ನು ನಾನು ನೋಡಿರಲಿಲ್ಲ.

“ಕೇಳಿಲ್ಲಿ. ನೀನು ಒಳ್ಳೆ ನರ್ಸ್ ಅಂತ ತಗೊಳ್ತಿಲ್ಲ. ನೀನಿನ್ನೂ ನರ್ಸೇ ಅಲ್ಲ. ನೀನು ತಪ್ಪು ಮಾಡಿದ್ರೆ ಇಡೀ ಬೀದಿಗೆ ಕೇಳುತ್ತೆ, ಅದಕ್ಕೆ ತಗೊಳ್ತಿದೀನಿ. ಸದ್ದಿಲ್ಲದೆ ತಪ್ಪು ಮಾಡೋರು ನನ್ನ ಕೈಕೆಳಗೆ ಬಂದು ಹೋಗಿದಾರೆ. ಅವರ ಹಿಂದೆ ಕ್ಲೀನ್ ಮಾಡಿದ್ದು ನಾನು.” ಡಬ್ಬಿ ಮುಚ್ಚಿದರು. “ನಾನು ಹೇಳೋವರೆಗೆ ಒಬ್ಬಳೇ ಯಾರ ಕಣ್ಣೂ ಮುಟ್ಟೋ ಹಾಗಿಲ್ಲ. ಟೋಪಿ ಎತ್ತದೆ ಬಾಟಲಿ ಎತ್ತಿದ್ರೆ ಅವತ್ತೇ ಮನೆಗೆ. ನಾಳೆ ಏಳಕ್ಕೆ ಇಲ್ಲಿರು.”

“ಭಾನುವಾರಾನೂ?”

“ನಾಳೆ ಪಟ್ಟಿ ಬಿಚ್ಚೋದು ಯಾರು, ನಿಮ್ಮತ್ತೆನಾ?”

ಮೆಟ್ಟಿಲು ಇಳಿದು ಹೊರಗೆ ಬಂದೆ. ಬಿಸಿಲು ಜೋರಾಗಿತ್ತು. ಅಮ್ಮನಿಗೆ ಫೋನ್ ಮಾಡಿದರೆ ಮಿಷನ್ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ; ಎರಡನೇ ಸಲ ಕೂಗಿದ್ದಕ್ಕೆ ಮಿಷನ್ ನಿಂತಿತು. “ಅತ್ತೆಗೆ ನೀನೇ ಹೇಳು, ನನ್ನ ಕೈಲಾಗಲ್ಲ,” ಎಂದು ಫೋನ್ ಇಟ್ಟಳು.

ಗೇಟಿನ ಬಳಿ ಡ್ರೈವಿಂಗ್ ಮೇಷ್ಟರು ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಗಳು ಕಾರು ತರುವುದನ್ನು ಕಾಯುತ್ತಾ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಒಂದೇ ಕಣ್ಣಲ್ಲೂ ನನ್ನ ಗುರುತು ಹಿಡಿದರು.

“ಏನಮ್ಮ, ಪಾಸಾ ಫೇಲಾ?”

“ಪಾಸು, ಸಾರ್.”

“ಭೇಷ್. ನನ್ನ ಹತ್ರ ಕಲಿತವರೂ ಅಷ್ಟೇ, ಮೊದಲ ದಿನ ಎಡ ಅಂದ್ರೆ ಬಲಕ್ಕೆ ತಿರುಗಿಸ್ತಾರೆ. ಅದಕ್ಕೇ ನನ್ನ ಕಾಲಡೀಲೂ ಒಂದು ಬ್ರೇಕು ಇಟ್ಕೊಂಡಿರ್ತೀನಿ.” ಕಟ್ಟೆಯಿಂದ ಏಳುತ್ತಾ ಕೇಳಿದರು, “ಹಾಗಾದ್ರೆ ನಾಳೆ ಈ ಪಟ್ಟಿ ಬಿಚ್ಚೋದು?”

“ನಾನೂ ಇರ್ತೀನಿ.”

“ಸರಿ. ನಾನು ನಾಡಿದ್ದು ಬರ್ತೀನಿ.”

ಅವರು ನಗುತ್ತಿದ್ದರು. ಮಗಳು ಕಾರಿನ ಬಾಗಿಲು ತೆರೆದಳು. ನಾನು ಅವರ ಮೊಣಕೈ ಹಿಡಿದು, ಪಟ್ಟಿ ಕಟ್ಟಿದ ಕಡೆ ಬಾಗಿಲ ಅಂಚು ತಾಗದಂತೆ ತಲೆಯ ಮೇಲೆ ಅಂಗೈ ಇಟ್ಟು ಕೂರಿಸಿದೆ.

“ನಾಡಿದ್ದಲ್ಲ, ನಾಳೆ,” ಎಂದೆ. “ಒಂಬತ್ತಕ್ಕೆ ಸರಿಯಾಗಿ. ಮುಖಕ್ಕೆ ನೀರು ತಾಗಿಸಬೇಡಿ. ಬಗ್ಗಿ ಏನೂ ಎತ್ತಬೇಡಿ. ಆ ಕಡೆ ಮಗ್ಗುಲಾಗಿ ಮಲಗಬೇಡಿ. ನೋವು ಜಾಸ್ತಿಯಾದ್ರೆ ಬೆಳಿಗ್ಗೆವರೆಗೆ ಕಾಯ್ಬೇಡಿ, ತಕ್ಷಣ ಫೋನ್ ಮಾಡಿ. ಅರ್ಥ ಆಯ್ತಾ, ಸಾರ್?”

“ಆಯ್ತು, ಸಿಸ್ಟರ್,” ಎಂದರು ಮೇಷ್ಟರು, ಈ ಸಲ ನಗದೆ, ಮತ್ತು ಮಗಳ ಕಡೆ ತಿರುಗಿ, “ಹೊರಡು. ಕನ್ನಡಿ ನೋಡ್ಕೊಂಡು,” ಎಂದರು.